ಹಾಲು, ಮಾಂಸ ನೀಡುವ ಜಾನುವಾರುಗಳಿಗೆ ಆಂಟಿಬಯೋಟಿಕ್ ಔಷಧಿಗಳ ಬಳಕೆ

ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಚಿಕಿತ್ಸೆ ಪಡೆದ ಹಸುವಿನ ಹಾಲಿನಲ್ಲಿ ಔಷಧಿಯ ಅಂಶವು ಕೆಲವು ದಿನಗಳವರೆಗೆ ಉಳಿಯುತ್ತದೆ. ಹಾಲನ್ನು ಕಾಯಿಸಿದರೂ ಅದು ಪೂರ್ಣವಾಗಿ ನಾಶವಾಗುವುದಿಲ್ಲ. ಅಂತಹ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗದಿರುವುದೂ ಉಂಟು. ಒಬ್ಬರ ಹಾಲು ಡೇರಿಯ ಕ್ಯಾನಿನಲ್ಲಿ ಊರಿನ ಹಾಲಿನೊಡನೆ ಬೆರೆಯುವುದನ್ನು ಮರೆಯಬಾರದು.

ಆದುದರಿಂದ ಔಷಧಿಯ ಲೇಬಲ್‌ನಲ್ಲಿ 'ವಿತ್‌ಡ್ರಾವಲ್ ಪೀರಿಯಡ್' ಎಂದು ಮುದ್ರಿತವಾಗಿರುವ ಅವಧಿಯು ಮುಗಿಯುವವರೆಗೆ ಹಾಲನ್ನು ಮಾರತಕ್ಕದ್ದಲ್ಲ, ಪ್ರಾಣಿಯನ್ನು ವಧೆಗೆ ನೀಡತಕ್ಕದ್ದಲ್ಲ. 2012ರಲ್ಲಿ ತಿದ್ದುಪಡಿಯಾದ ಔಷಧ ನಿಯಮಗಳನ್ವಯ, ಅವಧಿಯು ನಿಗದಿಯಾಗಿರದಿದ್ದಲ್ಲಿ ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ ಕಾಯಬೇಕು. ಹೇಮಗುಡ್ಡ ಮೊದಲ್ಗೊಂಡು ಕುಷ್ಟಗಿ, ಯಲಬುರ್ಗಾ ಭಾಗದವರೆಗಿನ ಕುರಿ ಸಾಕಣೆದಾರರು ಇಂಜೆಕ್ಷನ್ ಹಾಕಿಸಿದ ದಿನಾಂಕವನ್ನು ಬರೆದಿಡುವುದು ಅವಶ್ಯ. ಸಂತೆಯ ದಿನ ಅದು ನೆನಪಿಗೆ ಬರುವುದು ಅಪರೂಪ.

ಮನುಷ್ಯರ ತೀವ್ರ ಸೋಂಕಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಔಷಧಿಯನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು ಕೇಂದ್ರ ಸರ್ಕಾರವು 2019ರ ಜುಲೈನಲ್ಲಿ ನಿಷೇಧಿಸಿದೆ. ಕ್ಲೋರಾಂಫೆನಿಕಾಲ್ ಮತ್ತು ನೈಟ್ರೋಫ್ಯೂರಾನ್‌ಗಳಿಗೂ 2025ರಲ್ಲಿ ನಿಷೇಧ ವಿಧಿಸಲಾಗಿದೆ. ಇನ್ನುಳಿದ ಆಂಟಿಬಯೋಟಿಕ್‌ಗಳನ್ನು ಪಶುವೈದ್ಯರ ಚೀಟಿಯಿಲ್ಲದೆ ಔಷಧಿ ಅಂಗಡಿಯಿಂದ ತರಬಾರದು. ಚಿಕಿತ್ಸೆಗಾಗಿ ಸಮೀಪದ ಪಶು ಚಿಕಿತ್ಸಾಲಯವನ್ನು ಅಥವಾ ಉಚಿತ ದೂರವಾಣಿ ಸಂಖ್ಯೆ 1962ನ್ನು ಸಂಪರ್ಕಿಸಬಹುದು.