ಕೈ ಬೀಸಿದರೆ ಆನ್ ಆಗುವ ಚಿಮ್ನಿಯಲ್ಲಿ ಕ್ಯಾಮೆರಾ ಇದೆಯೇ?

ಅಡುಗೆಮನೆಯ ಚಿಮ್ನಿ ಮುಂದೆ ಕೈ ಬೀಸಿದರೆ ಸಾಕು, ಪ್ಯಾನೆಲ್ ಬೆಳಗಿ ಫ್ಯಾನ್ ತಿರುಗುತ್ತದೆ. ಹಾಗಾದರೆ ಒಳಗೆ ಕ್ಯಾಮೆರಾ ಇಟ್ಟಿದ್ದಾರೆಯೇ ಎಂದು ಕೇಳುವವರು ಬಹಳ.

ಸಾಮಾನ್ಯವಾಗಿ ಇಂಥ ಚಿಮ್ನಿಯಲ್ಲಿರುವುದು ಇನ್‌ಫ್ರಾರೆಡ್ ಸೆನ್ಸರ್. ಟಿವಿ ರಿಮೋಟ್‌ನಲ್ಲಿರುವಂಥದ್ದೇ ಪುಟ್ಟ ಎಲ್ಇಡಿಯೊಂದು ಕಣ್ಣಿಗೆ ಕಾಣದ ಬೆಳಕನ್ನು ಹೊರಗೆ ಬಿಡುತ್ತದೆ. ಆ ಬೆಳಕು ನಮ್ಮ ಕೈಗೆ ಬಡಿದು ವಾಪಸ್ ಬಂದಾಗ ಪಕ್ಕದಲ್ಲಿರುವ ಫೋಟೊಡಯೋಡ್ ಅದನ್ನು ಗುರುತಿಸುತ್ತದೆ. ಕೈ ಯಾರದು, ಮುಖ ಹೇಗಿದೆ ಎಂಬುದು ಅದಕ್ಕೆ ತಿಳಿಯದು. ಸೌಟು ಬೀಸಿದರೂ ಆನ್ ಆದೀತು. ಇದು ಎಕ್ಸ್‌ರೇಯಂಥ ವಿಕಿರಣವೂ ಅಲ್ಲ. ಕೆಲವು ಸ್ಮಾರ್ಟ್ ಫ್ರಿಜ್‌ಗಳಲ್ಲಿ ನಿಜವಾಗಿಯೂ ಕ್ಯಾಮೆರಾ ಇರುತ್ತದೆ. ಅನುಮಾನವಿದ್ದರೆ ಕೊಂಡಾಗ ಕೊಟ್ಟ ಕೈಪಿಡಿ ನೋಡಿ.

ಯಾರೂ ಮುಟ್ಟದೆ ಚಿಮ್ನಿ ತಾನಾಗಿಯೇ ಶುರುವಾದರೆ ದೆವ್ವದ ಕಾಟವೇನಲ್ಲ. ಒಗ್ಗರಣೆಯ ಜಿಡ್ಡು ಅಥವಾ ಹಬೆ ಸೆನ್ಸರ್ ಮೇಲೆ ಕೂತಿರಬಹುದು. ಪ್ಲಗ್ ಆಫ್ ಮಾಡಿ ಮೆತ್ತನೆಯ ಬಟ್ಟೆಯಿಂದ ಒರೆಸಿ.

ಕ್ಯಾಮೆರಾಗಿಂತ ನಾವು ಹೆಚ್ಚು ಯೋಚಿಸಬೇಕಾದ ವಿಷಯ ಬೇರೆ ಇದೆ. ಗ್ಯಾಸ್ ಸೋರಿದಾಗ ವಾಸನೆ ಹೋಗಲಿ ಎಂದು ಚಿಮ್ನಿ ಹಾಕುವವರಿದ್ದಾರೆ. ಖಂಡಿತ ಹಾಕಬೇಡಿ. ಸ್ವಿಚ್ಚಿನ ಅಥವಾ ಮೋಟರಿನ ಒಂದು ಕಿಡಿ ಸಾಕು, ಬೆಂಕಿ ಹೊತ್ತಿಕೊಳ್ಳಲು. ಸೆನ್ಸರ್ ಇರುವ ಚಿಮ್ನಿಗಂತೂ ಸ್ವಿಚ್ ಒತ್ತುವುದೇ ಬೇಡ, ವಾಸನೆ ಓಡಿಸಲು ಆಡಿಸಿದ ಕೈಯೇ ಸಾಕಾಗಬಹುದು. ಆದ್ದರಿಂದ ಅಡುಗೆ ಮುಗಿದ ಮೇಲೆ ಗೋಡೆಯ ಸ್ವಿಚ್ಚನ್ನು ದಿನವೂ ಆಫ್ ಮಾಡಿಡಿ. ಸೋರಿಕೆ ಆಗಿಯೇ ಬಿಟ್ಟಿದ್ದರೆ ಯಾವ ಸ್ವಿಚ್ಚನ್ನೂ ಮುಟ್ಟದೆ, ಚಿಮ್ನಿ ಮುಂದೆ ಕೈಯಾಡಿಸದೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು, ಮನೆಯವರನ್ನೆಲ್ಲ ಹೊರಗೆ ಕರೆತನ್ನಿ. ಆಮೇಲೆ ಹೊರಗಿನಿಂದಲೇ ಎಲ್‌ಪಿಜಿ ತುರ್ತು ಸಹಾಯವಾಣಿ 1906ಕ್ಕೆ ಕರೆ ಮಾಡಿ.