ಇಪ್ಪತ್ತೆಂಟರ ಬಾಯಿಲೆಕ್ಕ

ಇಸ್ಪೀಟಿನಾಟವೆಂದರೆ ನಮ್ಮಲ್ಲಿ ಸಂಭಾವಿತರು ಮೂಗು ಮುರಿಯುವುದು ವಾಡಿಕೆ. ಜೂಜಿನೊಡನೆ ಅದು ಬೆಳೆಸಿಕೊಂಡಿರುವ ನಂಟನ್ನು ನೆನೆದರೆ ಈ ತಿರಸ್ಕಾರ ಅಕಾರಣವೆನ್ನಲಾಗದು. ಪಣದ ಮೋಹಕ್ಕೆ ಸಿಕ್ಕಿ ಹೊಲಮನೆ ಕಳೆದುಕೊಂಡವರ ಕಥೆ ಎಲ್ಲ ಊರುಗಳಲ್ಲಿಯೂ ಇದೆ. ಆದರೆ ಎಲೆಯಾಟಗಳೆಲ್ಲ ಒಂದೇ ಬಗೆಯವಲ್ಲ. ಅದೃಷ್ಟವನ್ನು ನೆಚ್ಚಿ ಆಡುವುದು ಬೇರೆ. ನೆನಪನ್ನೂ ಲೆಕ್ಕವನ್ನೂ ನೆಚ್ಚಿ ಆಡುವುದು ಬೇರೆ. ಈ ಎರಡನೆಯ ಬಗೆಗೆ ಸೇರಿದ ‘ಇಪ್ಪತ್ತೆಂಟು’ ಎಂಬ ಆಟವು ಕೇರಳದಲ್ಲಿ ಮನೆಮಾತು. ಅದಕ್ಕೆ ಹೊಂದಿಕೊಂಡ ನಮ್ಮ ಸೀಮೆಗೂ ಪರಿಚಿತ. ಅದರ ಚರಿತ್ರೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಆಟಕ್ಕೂ ಚರಿತ್ರೆಯೇ ಎಂದು ಕೇಳುಗರು ಅಚ್ಚರಿಪಡಬೇಕಾಗಿಲ್ಲ. ಅರಮನೆಯ ಆಟಗಳಿಗೆ ಚರಿತ್ರಕಾರರು ಎಂದಿನಿಂದಲೂ ದೊರೆತಿದ್ದಾರೆ. 1794ರಿಂದ 1868ರವರೆಗೆ ಬಾಳಿದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿ ಎಂಬ ಭಾಗವೇ ಇದ್ದು, ಗಂಜೀಫ ಎಲೆಗಳು ಅಲ್ಲಿ ವರ್ಣನೆ ಪಡೆದಿವೆ. ಮೊಗಲರ ಗಂಜೀಫಕ್ಕೆ 96 ಎಲೆ. ದಶಾವತಾರದ ಗಂಜೀಫಕ್ಕೆ 120. ಬಣ್ಣದಿಂದ ಚಿತ್ರಿಸಿದ ಆ ಎಲೆಗಳು ಇಂದು ವಸ್ತುಸಂಗ್ರಹಾಲಯಗಳ ಗಾಜಿನೊಳಗೆ ಕುಳಿತಿವೆ. ಜಗಲಿಯ ಮೇಲೆ, ಲಾಟೀನಿನ ಬೆಳಕಿನಲ್ಲಿ, ಅಂಚು ಸವೆದ ಎಲೆಗಳಿಂದ ಆಡುತ್ತಿದ್ದವರ ಆಟವನ್ನು ಬರೆದಿಡುವವರು ಇರಲಿಲ್ಲ. ಅದರ ಚರಿತ್ರೆಗೆ ಉಳಿದಿರುವ ಸಾಕ್ಷ್ಯವೆಂದರೆ ಮುಖ್ಯವಾಗಿ ಅಂಕಿಗಳು.

ಮೊದಲು ಆಟದ ಸ್ವರೂಪವನ್ನು ನೋಡೋಣ. 52 ಎಲೆಗಳ ಕಟ್ಟಿನಿಂದ ಎರಡರಿಂದ ಆರರವರೆಗಿನವನ್ನು ತೆಗೆದಿಟ್ಟರೆ 32 ಉಳಿಯುತ್ತವೆ. ನಾಲ್ವರು ಆಟಗಾರರು, ಎದುರುಬದುರು ಕುಳಿತವರು ಜೊತೆಗಾರರು. ಒಬ್ಬೊಬ್ಬರಿಗೆ ಎಂಟು ಎಲೆ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಹೀಗೆ ಒಂದೊಂದು ಪಂಗಡಕ್ಕೆ 7. ನಾಲ್ಕು ಪಂಗಡಕ್ಕೆ 28. ಆಟಕ್ಕೆ ಹೆಸರು ಬಂದದ್ದು ಇದರಿಂದ. ರಾಜ ರಾಣಿಯರಿಗೆ ಬೆಲೆಯೇ ಇಲ್ಲ, ಬರಿಯ ಸೊನ್ನೆ! ಮೊದಲ ನಾಲ್ಕು ಎಲೆ ಕೈಗೆ ಬಂದೊಡನೆ, ಹರಾಜಿನಲ್ಲಿ ಕೂಗುವಂತೆ, ಇಷ್ಟು ಗಳಿಸುತ್ತೇವೆಂದು ಕೂಗಬೇಕು. ಕೂಗು 14ಕ್ಕೆ, ಅಂದರೆ ಅರ್ಧಕ್ಕೆ, ಕಡಮೆಯಾಗುವಂತಿಲ್ಲ. ಹೆಚ್ಚು ಕೂಗಿದವನು ತುರುಫಿನ ಎಲೆಯನ್ನು ಬೋರಲಾಗಿ ಇಟ್ಟು ಗುಟ್ಟು ಮಾಡುತ್ತಾನೆ. ಉಳಿದ ನಾಲ್ಕು ಎಲೆ ಬರುವುದು ಆಮೇಲೆ.

ಈಗ ಲೆಕ್ಕಕ್ಕೆ ಬರೋಣ. ನಮ್ಮ ಕಡೆಯವರು 18 ಕೂಗಿದ್ದಾರೆ ಎನ್ನಿ. ಐದು ಸುತ್ತು ಮುಗಿದಾಗ ನಮಗೆ 12, ಎದುರಾಳಿಗಳಿಗೆ 9. ಆಡಬೇಕಾದ ಎಲೆಗಳಲ್ಲಿ ಉಳಿದಿರುವುದು 7. ಅದರಲ್ಲಿ 6 ನಮಗೆ ಬರಲೇಬೇಕು. ಒಂದನ್ನು ಬಿಟ್ಟುಕೊಡಬಹುದು, ಎರಡನ್ನು ಬಿಡುವಂತಿಲ್ಲ. ಆ ಏಳು ಎಲ್ಲೆಲ್ಲಿ ಅಡಗಿದೆ? ಒಬ್ಬ ಗುಲಾಮ, ಒಂದು ಒಂಬತ್ತು, ಒಂದು ಎಕ್ಕ, ಒಂದು ಹತ್ತು. ಯಾರ ಕೈಯಲ್ಲಿ ಯಾವುದು? ನಮ್ಮ ಗಳಿಕೆ, ಅವರ ಗಳಿಕೆ, ಕಾಣದ ಉಳಿಕೆ — ಈ ಮೂರು ಲೆಕ್ಕವನ್ನೂ ಏಕಕಾಲಕ್ಕೆ ಮನಸ್ಸಿನಲ್ಲಿ ನಡೆಸಬೇಕು. ಕಾಗದ ಪೆನ್ಸಿಲು ನಿಷಿದ್ಧ. ಬೆರಳು ಮಡಿಸಿದರೂ ಎದುರಾಳಿಗೆ ಗುಟ್ಟು ಬಿಟ್ಟುಕೊಟ್ಟಂತೆ. ಗೆದ್ದ ಎಲೆಗಳನ್ನು ಕಡೆಯಲ್ಲಿ ಎಣಿಸುವುದು ಜಾಣರ ಪಾಲಿಗೆ ಬರಿಯ ಶಾಸ್ತ್ರ. ಮೊತ್ತ ಅವರಿಗೆ ಆಗಲೇ ತಿಳಿದಿರುತ್ತದೆ.

ನನ್ನ ಎಳವೆಯಲ್ಲಿ ಅಡಕೆ ಸುಲಿಯಲು ಬರುತ್ತಿದ್ದ ಆಳುಗಳಲ್ಲಿ ಇಂಥ ಜಾಣರನ್ನು ಕಂಡಿದ್ದೇನೆ. ಅವರಲ್ಲಿ ಹಿರಿಯನೊಬ್ಬ ಕೂಲಿಯ ಪಟ್ಟಿಗೆ ಹೆಬ್ಬೆಟ್ಟು ಒತ್ತುತ್ತಿದ್ದ. ಆರನೆಯ ಸುತ್ತಿನ ಹೊತ್ತಿಗೆ ಉಳಿದ ಎಲೆ ಯಾರಲ್ಲಿವೆಯೆಂದು ಅವನು ಹೆಚ್ಚುಕಡಮೆ ತಪ್ಪದೆ ಹೇಳುತ್ತಿದ್ದ. ಸುಲಿದ ಅಡಕೆಯ ಕೂಲಿಯನ್ನು ಬರೆಯುವವನು ಕೂಡಿ ಮುಗಿಸುವ ಮೊದಲೇ ಅವನ ಬಾಯಲ್ಲಿ ಮೊತ್ತ ಬಂದಿರುತ್ತಿತ್ತು. ಹಾಗಿದ್ದೂ ಊರಿನ ಕಣ್ಣಿಗೆ ಅವನು ‘ಓದುಬರಹ ಬಾರದವನು’. ಲೆಕ್ಕ ಬಲ್ಲವನು ಎಂದು ಅವನನ್ನು ಕರೆದವರಿಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ಕನ್ನಡದಲ್ಲಿ ‘ವ್ಯವಹಾರಗಣಿತ’ ಬರೆದ ನಾಡು ಇದು. ಐಗಳ ಕೂಲಿಮಠದಲ್ಲಿ ಮಕ್ಕಳು ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನು ರಾಗವಾಗಿ ಹೇಳುತ್ತಿದ್ದ ನಾಡು. ಆ ಮಠದ ಮೆಟ್ಟಿಲು ಹತ್ತಲು ಅವಕಾಶವಿಲ್ಲದವರಿಗೆ ಜಗಲಿಯ ಈ ಆಟವೇ ಮಗ್ಗಿಯಾಗಿ ಒದಗಿತು.

ಇನ್ನು ಆಟ ಬಂದ ದಾರಿ. ಎಕ್ಕವನ್ನೂ ರಾಜನನ್ನೂ ಮೀರಿ ಗುಲಾಮನೂ ಒಂಬತ್ತೂ ಮೇಲೇರುವ ಈ ವಿಚಿತ್ರ ಶ್ರೇಣಿ ನಮ್ಮದಷ್ಟೇ ಅಲ್ಲ. ಹಾಲೆಂಡಿನ ‘ಕ್ಲಾವರ್‌ಯಾಸ್’, ಸ್ವಿಟ್ಜರ್ಲೆಂಡಿನ ‘ಯಾಸ್’ ಆಟಗಳಲ್ಲಿ ತುರುಫಿನ ಗುಲಾಮನಿಗೆ 20, ತುರುಫಿನ ಒಂಬತ್ತಕ್ಕೆ 14. ಎಕ್ಕಕ್ಕೆ 11, ಹತ್ತಕ್ಕೆ 10. ಇಪ್ಪತ್ತೆಂಟು ಈ ಮನೆತನದ್ದೆಂದು ಆಟಗಳ ಚರಿತ್ರೆ ಬಲ್ಲವರು ಹೇಳುತ್ತಾರೆ. ಡಚ್ಚರು ಕೊಲಂಬೊವನ್ನು 1656ರಲ್ಲಿ, ಕೊಚ್ಚಿಯನ್ನು 1663ರಲ್ಲಿ ಪೋರ್ಚುಗೀಸರಿಂದ ಕಿತ್ತುಕೊಂಡು, 1795-96ರವರೆಗೆ ಅಲ್ಲಿ ನೆಲೆಸಿದ್ದರು. ನಮ್ಮ ಬಸರೂರಿನಲ್ಲಿಯೂ ಅವರ ವ್ಯಾಪಾರದ ಕೋಠಿ ಇತ್ತು. ನಾವು ‘ಕಳಾವರ್’ ಎನ್ನುವ ಎಲೆ ಡಚ್ಚರ ನುಡಿಯಲ್ಲಿ ‘ಕ್ಲಾವರ್’. ಡಚ್ಚರ ಸಂಬಳದಲ್ಲಿದ್ದ ಸ್ವಿಸ್ ಪಡೆಯೊಂದು, ದ ಮೆರೋನ್ ರೆಜಿಮೆಂಟು, ಸಿಂಹಳದಲ್ಲಿದ್ದು, 1795ರಲ್ಲಿ ಇಂಗ್ಲಿಷರ ಕಡೆ ಸೇರಿ, 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಗೂ ಬಂದಿತು. ಆ ಪಡೆಯವರ ಗೋರಿಗಳು ಅಲ್ಲಿ ಇಂದಿಗೂ ಇವೆ. ಯೂರೋಪಿನ ಹಳ್ಳಿಗೂ ನಮ್ಮ ಕಾವೇರಿಯ ತೀರಕ್ಕೂ ಸಾಮಾನ್ಯ ಜನ ನಡೆದಾಡಿದ ದಾರಿ ಇತ್ತೆಂಬುದಕ್ಕೆ ಅವು ಸಾಕ್ಷಿ. ಅರಸರ ಒಪ್ಪಂದಗಳಂತೆಯೇ ಸಿಪಾಯಿಗಳ, ನಾವಿಕರ ಆಟಗಳೂ ಇಂಥ ದಾರಿಗಳಲ್ಲಿಯೇ ಸಾಗುತ್ತವೆ.

ಸಿಂಹಳದಲ್ಲಿಯೂ ತಮಿಳರಲ್ಲಿಯೂ ‘ಮುನ್ನೂರ ನಾಲ್ಕು’ ಎಂಬ ಆಟವಿದೆ. ಅಲ್ಲಿ ಗುಲಾಮನಿಗೆ 30, ಒಂಬತ್ತಕ್ಕೆ 20, ಎಕ್ಕಕ್ಕೆ 11, ಹತ್ತಕ್ಕೆ 10, ರಾಜನಿಗೆ 3, ರಾಣಿಗೆ 2. ಒಂದು ಪಂಗಡಕ್ಕೆ 76, ನಾಲ್ಕಕ್ಕೆ 304. ಈ ಅಂಕಿಗಳ ಬಿಡಿಸ್ಥಾನವನ್ನು ಅಳಿಸಿ ಹತ್ತರ ಸ್ಥಾನವನ್ನು ಮಾತ್ರ ಉಳಿಸಿಕೊಳ್ಳಿ. 30 ಹೋಗಿ 3, 20 ಹೋಗಿ 2. 11 ಮತ್ತು 10 ಎರಡೂ ಒಂದೊಂದು. 3 ಮತ್ತು 2 ಮಾಯ. ಇದೇ ನಮ್ಮ ಇಪ್ಪತ್ತೆಂಟು! ಸಂತೆಯ ವ್ಯಾಪಾರಿ ಚಿಲ್ಲರೆ ಬಿಟ್ಟು ಲೆಕ್ಕ ಹಿಡಿಯುವುದು ಹೀಗೆಯೇ ಅಲ್ಲವೆ? ರಾಜನ ತಲೆಗೆ ಸೊನ್ನೆ ಬಂದದ್ದು ದಂಗೆಯಿಂದಲ್ಲ, ಚಿಲ್ಲರೆ ಬಿಟ್ಟದ್ದರಿಂದ.

ಮೂಲ ಒಂದಾದರೂ ಕವಲುಗಳು ಹಲವು. ಕೇರಳದವರು ಎರಡು ಕಟ್ಟು ಸೇರಿಸಿ, 48 ಎಲೆ ಆಯ್ದು, ಆರು ಮಂದಿ ಕುಳಿತು ‘ಐವತ್ತಾರು’ ಆಡುತ್ತಾರೆ, 28ರ ಇಮ್ಮಡಿ. ಬಂಗಾಳದಲ್ಲಿ ಕಡೆಯ ಸುತ್ತಿಗೆ ಒಂದು ಸೇರಿಸಿ ‘ಇಪ್ಪತ್ತೊಂಬತ್ತು’ ಎಂದರು. 1860ರಿಂದ ನೇಟಾಲಿನ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಹಡಗು ಹತ್ತಿದ ನಮ್ಮ ಜನರ ವಂಶಜರು ಡರ್ಬನ್ನಿನಲ್ಲಿ ಆಡುವ ‘ಥುನೀ’ಯಲ್ಲಿ ಎಲೆ 24ಕ್ಕೆ ಇಳಿದಿದೆ, ಬೆಲೆಗಳು ಮಾತ್ರ ಅವೇ, ಮೊತ್ತವೂ 304. ಊರು ಹೋಯಿತು, ಎಷ್ಟೋ ಮನೆಗಳಲ್ಲಿ ನುಡಿಯೂ ಹೋಯಿತು, ಕೂಡಿಸಿದರೆ ಬರುವ ಮೊತ್ತ ಬದಲಾಗಲಿಲ್ಲ. ಮಾತು ಸವೆಯುತ್ತದೆ. ಮೊತ್ತವನ್ನು ದಿನವೂ ತಾಳೆ ನೋಡುವವರಿರುವುದರಿಂದ ಅದು ಸವೆಯದು. ಆದ್ದರಿಂದಲೇ ಅಂಕಿಗಳನ್ನು ಈ ಆಟದ ಶಾಸನಗಳೆಂದು ನಾನು ಭಾವಿಸುತ್ತೇನೆ.

ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಎಲೆಗಳನ್ನು ಆಡಿದವರೆಲ್ಲ ಗಣಿತಜ್ಞರಾಗುವುದಿಲ್ಲ. ಹಣ ಕಟ್ಟಿದೊಡನೆ ಲೆಕ್ಕದ ಜಾಣ್ಮೆ ದುರಾಸೆಯ ಆಳಾಗುತ್ತದೆ. ಕೇರಳದಲ್ಲಿ ಸೋತವರು ಕಿವಿಗೆ ‘ಕುಣುಕ್ಕು’ ಎಂಬ ಓಲೆ ಸಿಕ್ಕಿಸಿಕೊಂಡು ನಗೆಪಾಟಲಾಗುತ್ತಾರೆ. ಸೋಲಿಗೆ ಅಷ್ಟು ದಂಡ ಸಾಕು.

ಇಂದು ಅಂಗಡಿಯಲ್ಲಿ ಮೂರು ಪದಾರ್ಥದ ಬೆಲೆ ಕೂಡಲು ಕೈ ತಾನಾಗಿ ಯಂತ್ರದ ಕಡೆ ಹೋಗುತ್ತದೆ. ಯಂತ್ರ ತಪ್ಪು ಮಾಡದು, ನಿಜ. ಆದರೆ ಅದು ತೋರಿಸಿದ್ದು ಸರಿಯೆ ಎಂದು ಕೇಳುವ ಶಕ್ತಿ ನಮ್ಮಲ್ಲಿ ಉಳಿಯಬೇಡವೆ? ಪಟ್ಟಿಗೆ ಹೆಬ್ಬೆಟ್ಟು ಒತ್ತಿದವನಿಗೆ ಆ ಶಕ್ತಿ ಇತ್ತು. ಮಳೆಗಾಲದ ಸಂಜೆ ಮನೆಯಲ್ಲಿ ನಾಲ್ವರು ಬಿಡುವಾಗಿದ್ದರೆ ಮಕ್ಕಳನ್ನೂ ಕೂರಿಸಿಕೊಂಡು ಒಂದು ಕೈ ಆಡಿ ನೋಡಿ. ಪಣ ಬೇಡ, ಲೆಕ್ಕ ಮಾತ್ರ ಬಾಯಲ್ಲೇ ಇರಲಿ.