ಒಂದೇ ಕೆರೆ, ನೂರಾರು ಕೂಣಿ

ಬೇಸಿಗೆಯ ಬಿಸಿಲಿಗೆ ಶಿವಮೊಗ್ಗ ಜಿಲ್ಲೆಯ ಸೊರಬ, ಸಾಗರ ಸೀಮೆಯ ಕೆರೆಗಳಲ್ಲಿ ನೀರು ಮೊಣಕಾಲಿನ ಮಟ್ಟಕ್ಕೆ ಇಳಿಯುತ್ತಿದ್ದಂತೆ ಊರಿನವರು ಸೇರಿ ಒಂದು ದಿನ ಗೊತ್ತು ಮಾಡುತ್ತಾರೆ. ಸುತ್ತಲ ಹಳ್ಳಿಗಳಿಗೆ ಸುದ್ದಿ ಮುಟ್ಟುತ್ತದೆ. ಆ ದಿನ ನೂರಾರು ಜನ ಹೆಗಲ ಮೇಲೆ ಬಿದಿರಿನ ಕೂಣಿ ಹೊತ್ತು ಕೆರೆಯ ದಂಡೆಯ ಮೇಲೆ ಸಾಲಾಗಿ ನಿಲ್ಲುತ್ತಾರೆ. ಪೂಜೆ ಮುಗಿದು ಸೂಚನೆ ಸಿಕ್ಕಿದೊಡನೆ ಎಲ್ಲರೂ ಒಟ್ಟಿಗೆ ನೀರಿಗೆ ಧುಮುಕುತ್ತಾರೆ. ಇದೇ ಕೆರೆಬೇಟೆ. 2024ರಲ್ಲಿ ಇದೇ ಹೆಸರಿನ ಕನ್ನಡ ಚಲನಚಿತ್ರ ತೆರೆಕಂಡ ಮೇಲೆ ಮಲೆನಾಡಿನ ಆಚೆಗಿನವರಿಗೂ ಈ ಪದ ಪರಿಚಯವಾಯಿತು.

ನೋಡುವವರಿಗೆ ಇದು ದೊಡ್ಡ ಗದ್ದಲ, ಕೆಸರಿನ ಜಾತ್ರೆ. ಆದರೆ ಈ ಗದ್ದಲದ ಒಳಗೆ ಒಂದು ಹಳೆಯ ಪ್ರಶ್ನೆಗೆ ಉತ್ತರವಿದೆ. ಒಂದು ನೀರಿನಲ್ಲಿ ಎಷ್ಟು ಜನ ಮೀನು ಹಿಡಿಯಬಹುದು? ಹಿಡಿದ ಮೇಲೂ ಮುಂದಿನ ವರ್ಷಕ್ಕೆ ಮೀನು ಉಳಿಯಬೇಕಾದರೆ ಏನು ಮಾಡಬೇಕು? ಜಗತ್ತಿನ ಎಲ್ಲ ಮೀನುಗಾರರನ್ನೂ ಕಾಡಿದ ಈ ಪ್ರಶ್ನೆಗೆ ಕನ್ನಡ ನಾಡು, ಅದರಲ್ಲೂ ತುಂಗಾ ಭದ್ರಾ ನದಿಗಳ ಸೀಮೆ, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದೆ.

ಕೆರೆಯ ಲೆಕ್ಕ

ಕೂಣಿ ಎಂಬುದು ಬಿದಿರಿನ ಸೀಳುಗಳಿಂದ ಹೆಣೆದ ಬುಟ್ಟಿ. ಕೆಳಗಿನ ಬಾಯಿ ಅಗಲ, ಮೇಲಿನದು ಕಿರಿದು. ಅದನ್ನು ಕೆಸರುನೀರಿನಲ್ಲಿ ಒತ್ತಿ ಊರುತ್ತಾರೆ. ಒಳಗೆ ಮೀನು ಸಿಕ್ಕಿದ್ದರೆ ಅದು ಬುಟ್ಟಿಗೆ ಬಡಿಯುವ ಅದುರು ಅಂಗೈಗೆ ಗೊತ್ತಾಗುತ್ತದೆ. ಆಗ ಮೇಲಿನ ಬಾಯಿಯಿಂದ ಕೈ ಹಾಕಿ ಹಿಡಿಯುತ್ತಾರೆ. ಕೂಣಿಗೆ ಇಷ್ಟು ಎಂದು ಊರಿನವರು ವಸೂಲು ಮಾಡುವ ಹಣ ದೇವಸ್ಥಾನಕ್ಕೋ ಊರಿನ ಕೆಲಸಕ್ಕೋ ಹೋಗುತ್ತದೆ.

ಮೇಲುನೋಟಕ್ಕೆ ಇದು ಕೆರೆಯನ್ನೇ ಬರಿದು ಮಾಡುವ ಪದ್ಧತಿ ಎನಿಸಬಹುದು. ಆದರೆ ಇಲ್ಲಿ ಮಿತಿ ಇರುವುದು ಜನರ ಸಂಖ್ಯೆಗಲ್ಲ, ಕಾಲಕ್ಕೆ ಮತ್ತು ಸಲಕರಣೆಗೆ. ಬೇಟೆ ವರ್ಷಕ್ಕೊಮ್ಮೆ; ಒಬ್ಬನ ಕೈಯಲ್ಲಿ ಒಂದು ಕೂಣಿ. ಅದಕ್ಕಿಂತ ಹೆಚ್ಚಿನ ನೆರವು ಸಿಗುವುದು ಕೆರೆಯ ಮೀನಿನ ಸ್ವಭಾವದಿಂದ. ಕೊರವ, ಮುರಗೋಡು ಮೊದಲಾದ ಮೀನುಗಳು ನೀರಿನ ಮೇಲೆ ಬಂದು ನೇರವಾಗಿ ಗಾಳಿಯನ್ನೇ ಉಸಿರಾಡಬಲ್ಲವು. ನೀರು ಬತ್ತಿ ಕೆಸರಷ್ಟೇ ಉಳಿದರೂ ಅವು ಕೆಲಕಾಲ ಬದುಕುತ್ತವೆ. ಎಷ್ಟು ಕೈಗಳು ತಡಕಿದರೂ ಕೆಸರಿನೊಳಗೆ ಒಂದಷ್ಟು ಉಳಿದೇ ಉಳಿಯುತ್ತವೆ.

ಇನ್ನೊಂದು ನೆರವು ಮುಂಗಾರಿನದು. ಮೊದಲ ದೊಡ್ಡ ಮಳೆಗೆ ಹಳ್ಳಕೊಳ್ಳಗಳು ತುಂಬಿದಾಗ ಮೀನುಗಳು ಮೊಟ್ಟೆಯಿಡಲು ಹರಿವಿಗೆ ಎದುರಾಗಿ ಮೇಲಕ್ಕೆ ಏರುತ್ತವೆ. ಮಲೆನಾಡಿಗರು ಇವನ್ನು ಹತ್ತುಮೀನು ಎನ್ನುತ್ತಾರೆ. ಕೋಡಿಯ ನೀರು, ಕಾಲುವೆ, ಗದ್ದೆಯ ಅಂಚು, ಹಳ್ಳ ಇವೆಲ್ಲ ಒಂದಕ್ಕೊಂದು ಸೇರಿಕೊಂಡಿರುವವರೆಗೆ ಬರಿದಾದ ಕೆರೆಗೂ ಮೀನು ಮರಳುತ್ತದೆ. ಹತ್ತುಮೀನನ್ನು ರಾತ್ರಿ ಬೆಳಕು ಹಿಡಿದು ಕಡಿಯುವ, ಬುಟ್ಟಿಯೊಡ್ಡಿ ಹಿಡಿಯುವ ರೂಢಿಯೂ ಇದೇ ಸೀಮೆಯಲ್ಲಿದೆ. ಬೇಸಿಗೆಯ ಕೆರೆಬೇಟೆಗಿಂತ ಹೆಚ್ಚು ಹಾನಿ ಮಾಡಬಲ್ಲದ್ದು ಇದು. ಮೊಟ್ಟೆ ತುಂಬಿದ ಒಂದು ಮೀನು ಹೋದರೆ ಸಾವಿರಾರು ಮರಿಗಳು ಹೋದಂತೆ.

ಈ ಸೀಮೆಯ ಕೆರೆಗಳ ಇತಿಹಾಸ ದೀರ್ಘವಾದುದು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭ ಶಾಸನ ಕದಂಬರ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ ಸಂಗತಿಯನ್ನು ಹೇಳುತ್ತದೆ. ಅದು 5ನೇ ಶತಮಾನದ ಮಾತು. ಒಂದೂವರೆ ಸಾವಿರ ವರ್ಷಗಳಿಂದ ಮನುಷ್ಯ ಕಟ್ಟಿದ ನೀರಿನಲ್ಲಿ ಮನುಷ್ಯನೂ ಮೀನೂ ಒಟ್ಟಿಗೆ ಬಾಳಿವೆ ಎಂದರೆ ಅದರ ಹಿಂದೆ ಒಂದು ಲೆಕ್ಕಾಚಾರ ಇದ್ದಿರಲೇಬೇಕು.

ಅರಸನ ಗಾಳ

ಎರಡನೆಯ ಉತ್ತರ ಅರಮನೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಪೂರ್ವಾರ್ಧದಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದ. ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು ಅದರಲ್ಲಿವೆ. ರಾಜನ ವಿನೋದಗಳನ್ನು ಹೇಳುವ ಭಾಗದಲ್ಲಿ ‘ಮತ್ಸ್ಯವಿನೋದ’ವೂ ಒಂದು. ಆಗ ಬಳ್ಳಿಗಾವೆಯೂ ಬನವಾಸಿ ನಾಡೂ ಚಾಲುಕ್ಯರ ಆಳ್ವಿಕೆಗೆ ಸೇರಿದ್ದವು.

ಮೀನಿನ ಬಗೆಗಳು, ಸಮುದ್ರದವು ಯಾವುವು, ನದಿಯವು ಯಾವುವು, ಹುರುಪೆ ಇರುವವು, ಇಲ್ಲದವು, ಯಾವುದಕ್ಕೆ ಯಾವ ಆಹಾರ, ಗಾಳದ ಕೋಲು ಹೇಗಿರಬೇಕು, ದಾರ ಹೇಗಿರಬೇಕು ಎಂಬುದನ್ನೆಲ್ಲ ದೊರೆ ವಿವರಿಸುತ್ತಾನೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ವಿದ್ವಾಂಸರ ಗಮನಕ್ಕೆ ತಂದರು. ಹೊಟ್ಟೆಪಾಡಿಗಲ್ಲದೆ ವಿನೋದಕ್ಕಾಗಿ ಗಾಳ ಹಾಕುವುದನ್ನು ಶಾಸ್ತ್ರವಾಗಿ ಬರೆದಿಟ್ಟ ಜಗತ್ತಿನ ಹಳೆಯ ಬರಹಗಳಲ್ಲಿ ಇದೂ ಒಂದು.

ಇದರಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಗಾಳ ಹಾಕುವ ಮೊದಲು ಮೀನಿಗೆ ಆಹಾರ ಹಾಕಿ ಆ ಜಾಗಕ್ಕೆ ಒಗ್ಗಿಸಬೇಕು ಎನ್ನುವುದು ದೊರೆಯ ಉಪದೇಶ. ಮೀನಿಗೆ ಹೆದರಿಕೆ ಇದೆ, ನೆನಪಿದೆ, ನಂಬಿಕೆ ಹುಟ್ಟಿಸಿದ ಹೊರತು ಅದು ಗಾಳದ ಬಳಿ ಸುಳಿಯದು ಎಂಬ ತಿಳಿವಳಿಕೆ ಒಂಬೈನೂರು ವರ್ಷಗಳ ಹಿಂದೆಯೇ ಇತ್ತು. ಆದರೆ ಅದು ಒಬ್ಬನ ನೀರು. ಅರಸನೊಬ್ಬನೇ ಗಾಳ ಹಾಕುವಲ್ಲಿ ಮೀನು ಮುಗಿಯುವ ಭಯ ಎಲ್ಲಿಂದ ಬರಬೇಕು?

ದೇವರ ಮಡು

ಮೂರನೆಯ ಉತ್ತರ ಯಾರೂ ಹಿಡಿಯಬಾರದು ಎಂಬುದು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲುಗಳ ಬಳಿ ಗುಂಪುಗುಂಪಾಗಿ ತೇಲುವ ದೊಡ್ಡ ಮೀನುಗಳನ್ನು ನೋಡದ ಯಾತ್ರಿಕರಿಲ್ಲ. ಅದೇ ನದಿ ಕೆಳಗೆ ಹರಿದು ತೀರ್ಥಹಳ್ಳಿ ತಾಲ್ಲೂಕಿಗೆ ಬಂದಾಗ ಚಿಬ್ಬಲಗುಡ್ಡೆಯಲ್ಲಿ, ಸಿದ್ಧಿವಿನಾಯಕ ದೇವಸ್ಥಾನದ ಬಳಿ, ಇನ್ನೊಂದು ಮತ್ಸ್ಯಧಾಮ ಸಿಗುತ್ತದೆ. ಇಲ್ಲಿ ಮಂಡಕ್ಕಿ ಎಸೆಯಬಹುದು, ಗಾಳ ಎಸೆಯುವಂತಿಲ್ಲ. ಕಾಯುವುದು ಕಾನೂನಿಗಿಂತ ಮೊದಲು ಭಕ್ತಿ.

ಇಲ್ಲಿನ ಮೀನುಗಳಲ್ಲಿ ಮುಖ್ಯವಾದುದು ಮಹಶೀರ್. ಇದು ಕೆರೆಯ ಕೊರವನಂತಲ್ಲ. ದೊಡ್ಡದಾಗಲು ಹಲವು ವರ್ಷ ಬೇಕು. ಹರಿಯುವ ಸ್ವಚ್ಛ ನೀರು, ಪ್ರಾಣವಾಯು ತುಂಬಿದ ಕಲ್ಲುಬಂಡೆಯ ಪಾತ್ರ, ಮಳೆಗಾಲದಲ್ಲಿ ಮೊಟ್ಟೆಯಿಡಲು ಜಲ್ಲಿಕಲ್ಲಿನ ತಳ ಇವಿಲ್ಲದೆ ಅದು ಬಾಳದು. ವರ್ಷಕ್ಕೊಂದು ದಿನ ಎಲ್ಲರೂ ಹಿಡಿಯುವ ಕೆರೆಯ ನ್ಯಾಯ ಈ ಮೀನಿಗೆ ಹೊಂದುವುದಿಲ್ಲ. ಒಂದು ಮಡುವಿನ ದೊಡ್ಡ ಮಹಶೀರುಗಳು ಒಂದೇ ದಿನ ಹೋದರೆ ಅದು ತುಂಬಲು ಬಹಳ ವರ್ಷ ಬೇಕು. ನದಿಯ ಮಡುವನ್ನು ದೇವರಿಗೆ ಬಿಟ್ಟುದರಲ್ಲಿ, ಅರಿತೋ ಅರಿಯದೆಯೋ, ಈ ವಿವೇಕ ಅಡಗಿದೆ.

ದೊರೆಗಳು, ಪರವಾನಿಗೆಗಳು

ನಾಲ್ಕನೆಯ ಉತ್ತರ ಬ್ರಿಟಿಷರ ಕಾಲದ್ದು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ಪ್ರಕಟಿಸಿದ. ಗಾಳಕ್ಕೆ ಬಿದ್ದಾಗ ಸೆಣಸಾಡುವುದರಲ್ಲಿ ತನ್ನ ನಾಡಿನ ಸಾಲ್ಮನ್ ಮೀನಿಗಿಂತ ಮಹಶೀರೇ ಮೇಲು ಎಂಬುದು ಅವನ ಮತ. ನದಿಗಳಿಗೆ ವಿಷ ಹಾಕುವುದು, ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳನ್ನು ಬಾಚುವುದು ನಿಲ್ಲಬೇಕೆಂದೂ ಅವನು ವಾದಿಸಿದ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ವಿಷವನ್ನೂ ಸಿಡಿಮದ್ದನ್ನೂ ನಿಷೇಧಿಸಿತು. 1901ರಲ್ಲಿ ಮೈಸೂರು ಸಂಸ್ಥಾನವೂ ಬೇಟೆಪ್ರಾಣಿ ಮತ್ತು ಮೀನುಗಳ ರಕ್ಷಣೆಗೆ ಶಾಸನ ತಂದಿತು.

ಗಾಳದವರ ಆ ಕಾಲದ ಹೆಮ್ಮೆ ಹಿಡಿದು ಕೊಂದ ಮೀನಿನ ತೂಕದಲ್ಲಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಸದಸ್ಯರೊಬ್ಬರು ಕಪಿಲಾ ನದಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತು. ಆ ದಾಖಲೆ ಇಂದಿಗೂ ಪ್ರಸಿದ್ಧ.

ಈ ಹೆಮ್ಮೆಯನ್ನು ಬದಲಿಸಿದ್ದರಲ್ಲಿ ಅಮೆರಿಕದ ಪಾತ್ರ ದೊಡ್ಡದು. ಅಲ್ಲಿ ಬಾಸ್ ಎಂಬ ಮೀನನ್ನು ಗಾಳದಿಂದ ಹಿಡಿಯುವುದು ಜನಪ್ರಿಯ ಆಟ. 1967ರಲ್ಲಿ ರೇ ಸ್ಕಾಟ್ ಎಂಬಾತ ಅರ್ಕನ್ಸಾಸ್‌ನ ಬೀವರ್ ಲೇಕ್‌ನಲ್ಲಿ ಬಾಸ್ ಪಂದ್ಯ ನಡೆಸಿದ. ಪಂದ್ಯಗಳು ಹೆಚ್ಚಿ ಕೆರೆಗಳ ಮೇಲೆ ದೋಣಿಗಳು ಮುಗಿಬಿದ್ದಾಗ, 1972ರಿಂದ ಹಿಡಿದ ಮೀನನ್ನು ಜೀವಂತ ಬಿಡುವ ನಿಯಮ ಅವನ ಪಂದ್ಯಗಳಲ್ಲಿ ಬಂತು. ಮೀನು ಉಳಿಯಿತು, ಆದರೆ ಬುದ್ಧಿ ಕಲಿಯಿತು. ಇಲಿನಾಯ್ ರಾಜ್ಯದ ರಿಡ್ಜ್ ಲೇಕ್ ಎಂಬ ಕೆರೆಯಲ್ಲಿ 1975ರಿಂದ ನಡೆದ ಪ್ರಯೋಗದಲ್ಲಿ ಪ್ರತಿ ಬಾಸ್ ಮೀನೂ ಎಷ್ಟು ಸಲ ಗಾಳಕ್ಕೆ ಬಿತ್ತೆಂದು ಗುರುತಿಟ್ಟರು. ಕೆಲವು ಮತ್ತೆ ಮತ್ತೆ ಸಿಕ್ಕವು, ಕೆಲವು ಒಮ್ಮೆಯೂ ಸಿಗಲಿಲ್ಲ. ಸಿಗದವುಗಳ ಸಂತತಿಯೂ ಗಾಳದಿಂದ ದೂರವೇ ಉಳಿಯುವ ಪ್ರವೃತ್ತಿ ತೋರಿತು. ಈ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಸೋಮೇಶ್ವರ ದೊರೆ ತಿಂಡಿ ಹಾಕಿ ಹೋಗಲಾಡಿಸಲು ನೋಡಿದ ಅಂಜಿಕೆಗೆ ವಂಶವಾಹಿಯ ಬೇರೂ ಇದೆ ಎಂದಾಯಿತು.

ಕಾವೇರಿ ಕಲಿಸಿದ ಪಾಠ

ಹಿಡಿದು ಬಿಡುವ ಈ ಪದ್ಧತಿಯೇ ಕಾವೇರಿಯ ಭೀಮೇಶ್ವರಿ, ಗಾಲಿಬೋರೆಗಳ ಮೀನುಗಾರಿಕೆ ಶಿಬಿರಗಳಲ್ಲಿಯೂ ನಡೆಯಿತು. ದೇಶವಿದೇಶಗಳಿಂದ ಜನ ಬಂದು ಗಾಳ ಹಾಕಿದರು, ಹಿಡಿದ ಮೀನನ್ನು ತೂಗಿ ಪುಸ್ತಕದಲ್ಲಿ ಬರೆದು ನದಿಗೆ ಬಿಟ್ಟರು. ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ಆಕ್ಷೇಪದಿಂದಾಗಿ ಆಟ ನಿಂತಿತು.

ಆದರೆ ಆ ಲೆಕ್ಕದ ಪುಸ್ತಕಗಳು ಉಳಿದಿದ್ದವು. 1998ರಿಂದ 2012ರವರೆಗಿನ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿದಾಗ ಬೆಚ್ಚಿಬೀಳುವ ಸಂಗತಿ ತಿಳಿಯಿತು. ಕಾವೇರಿಗೇ ವಿಶಿಷ್ಟವಾದ, ಬೆನ್ನುಬ್ಬಿದ ದೊಡ್ಡ ಮಹಶೀರ್ ಕಣ್ಮರೆಯಾಗುತ್ತಿತ್ತು. ಅದರ ಜಾಗದಲ್ಲಿ ನೀಲಿ ರೆಕ್ಕೆಯ ಬೇರೊಂದು ಮಹಶೀರ್ ಹೆಚ್ಚುತ್ತಿತ್ತು. ಇದು ಹೊರಗಿನಿಂದ ತಂದು ಬಿಟ್ಟ ಮೀನು. ಮಹಾರಾಷ್ಟ್ರದ ಲೋಣಾವಳದಲ್ಲಿ ಬೆಳೆಸಿದ ಇದರ ಮರಿಗಳನ್ನು ಸಂರಕ್ಷಣೆಯ ಸದುದ್ದೇಶದಿಂದಲೇ ಕಾವೇರಿಗೆ ಬಿಡಲಾಗಿತ್ತು. ಬೆನ್ನುಬ್ಬಿದ ಮೀನಿಗೆ ವೈಜ್ಞಾನಿಕವಾಗಿ ಖಚಿತ ಹೆಸರು ಸಿಕ್ಕಿದ್ದೇ 2018ರಲ್ಲಿ. ಈಗ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

ಇದರಿಂದ ಎರಡು ಪಾಠಗಳು ಹೊರಡುತ್ತವೆ. ಮರಿ ಬಿಟ್ಟ ಮಾತ್ರಕ್ಕೆ ಮೀನು ಉಳಿಯಿತು ಎನ್ನಲಾಗದು. ಯಾವ ನದಿಗೆ ಯಾವ ಮೀನು ಎಂಬುದು ಮುಖ್ಯ. ಎರಡನೆಯದು, ನೀರಿನ ಬಳಿ ದಿನವೂ ನಿಂತು ಲೆಕ್ಕ ಇಡುವವರು ಇಲ್ಲದಿದ್ದರೆ ಮೀನು ಕಣ್ಮರೆಯಾದುದೂ ಗೊತ್ತಾಗುವುದಿಲ್ಲ.

ಶಿವಮೊಗ್ಗ, ಭದ್ರಾವತಿಗಳ ಹೊಸ ಒತ್ತಡ

ತುಂಗಾ ಭದ್ರೆಯರಿಗೆ ಈ ಪಾಠಗಳು ತೀರ ಹತ್ತಿರದವು. 1950ರ ದಶಕದಲ್ಲಿ ಗಾಜನೂರಿನಲ್ಲಿ ತುಂಗೆಗೆ ಅಣೆಕಟ್ಟು ಬಂತು. 1960ರ ದಶಕದಲ್ಲಿ ಲಕ್ಕವಳ್ಳಿಯಲ್ಲಿ ಭದ್ರೆಗೆ 71 ಟಿಎಂಸಿಗೂ ಮಿಗಿಲಾದ ನೀರು ಹಿಡಿಯುವ ಜಲಾಶಯ ಎದ್ದಿತು. ಗದ್ದೆಗೆ ನೀರು ಬಂತು, ತೋಟಗಳು ಎದ್ದವು. ಆದರೆ ಮಳೆಗಾಲದಲ್ಲಿ ಮೇಲೇರುವ ಮೀನಿಗೆ ದಾರಿ ಮುಚ್ಚಿತು. 1957ರಲ್ಲಿ ಹೀರಾಲಾಲ್ ಚೌಧುರಿ ಚುಚ್ಚುಮದ್ದಿನ ಮೂಲಕ ಗೆಂಡೆ ಜಾತಿಯ ಮೀನಿನಿಂದ ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದ ಮೇಲೆ, ಗಂಗಾ ಬಯಲಿನ ಕಾಟ್ಲ, ರೋಹು, ಮೃಗಾಲ್ ಮರಿಗಳನ್ನು ಬೇಕಾದಷ್ಟು ಬೆಳೆಸುವುದು ಸಾಧ್ಯವಾಯಿತು. ಅವು ದಕ್ಷಿಣದ ಜಲಾಶಯಗಳಿಗೂ ಊರಿನ ಕೆರೆಗಳಿಗೂ ಬಂದವು. 1952ರಲ್ಲಿ ದೇಶಕ್ಕೆ ಕಾಲಿಟ್ಟ ಆಫ್ರಿಕಾದ ತಿಲಾಪಿಯಾ, ಜನರ ಬಾಯಲ್ಲಿ ಜಿಲೇಬಿ ಮೀನು, ಕರೆಯದೆಯೇ ಎಲ್ಲೆಡೆ ಹರಡಿತು.

ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಹರಾಜಿಗೆ ಬಂದಿತು. ಹಣ ಕೊಟ್ಟು ಮರಿ ಬಿಟ್ಟ ಗುತ್ತಿಗೆದಾರನಿಗೆ ಮೀನಿನ ಮೇಲೆ ಹಕ್ಕು ಸಹಜವೇ. ಆದರೆ ಅದೇ ಕೆರೆಯ ಏರಿ ಕಟ್ಟಿ, ಹೂಳೆತ್ತಿದ ಊರಿನವನು ಗಾಳ ಹಾಕಿದರೆ ಕಳ್ಳನೆನಿಸುತ್ತಾನೆ. ಕೆರೆಬೇಟೆ ನಡೆಯುವಲ್ಲಿ ಉಳಿದಿರುವುದು ಮೀನಿನ ರುಚಿ ಮಾತ್ರವಲ್ಲ, ಈ ನೀರು ನಮ್ಮೆಲ್ಲರದು ಎಂಬ ಭಾವನೆ. ತನ್ನದೆಂದು ತಿಳಿದವನೇ ಅದನ್ನು ಕಾಯುತ್ತಾನೆ.

ಭದ್ರಾವತಿಯ ಕಥೆ ಇನ್ನೊಂದು ಬಗೆಯದು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಆ ಊರಿಗೆ ಅನ್ನ ಕೊಟ್ಟವು. ಜೊತೆಗೆ ನದಿಯ ಮೇಲೆ ಕೊಳೆಯ ಹೊರೆಯನ್ನೂ ಹೊರಿಸಿದವು. ನದಿಯ ಮೇಲ್ಭಾಗದಲ್ಲಿ ಕುದುರೆಮುಖದ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಕೆಳಗೆ, ಕೂಡಲಿಯಲ್ಲಿ ತುಂಗೆ ಭದ್ರೆಯರು ಸೇರಿ ತುಂಗಭದ್ರೆಯಾಗಿ ಹರಿಯುವ ಹರಿಹರದ ಸುತ್ತ, 1980ರ ದಶಕದಲ್ಲಿ ಮೀನುಗಳ ಸಾವು ದೊಡ್ಡ ಹೋರಾಟಕ್ಕೆ ಕಾರಣವಾಗಿ ವಿಷಯ ಉಚ್ಚ ನ್ಯಾಯಾಲಯದವರೆಗೆ ಹೋಯಿತು. ನೀರು ಕೆಟ್ಟುದನ್ನು ಮೊದಲು ತಿಳಿದವನು ಅಧಿಕಾರಿಯಲ್ಲ, ಬಲೆ ಎತ್ತಿದ ಮೀನುಗಾರ.

ಅರಸನ ಗಾಳ, ಊರಿನ ಕೂಣಿ, ದೇವರ ಮಡು, ಸರ್ಕಾರದ ಪರವಾನಿಗೆ ಇವುಗಳಲ್ಲಿ ಯಾವುದೊಂದೂ ಎಲ್ಲ ನೀರಿಗೂ ಸಲ್ಲುವುದಿಲ್ಲ. ಕೆರೆಗೆ ಕೆರೆಯ ನ್ಯಾಯ, ಹೊಳೆಗೆ ಹೊಳೆಯ ನ್ಯಾಯ. ಆದರೆ ನಾಲ್ಕಕ್ಕೂ ಸಮಾನವಾದ ಒಂದು ಷರತ್ತಿದೆ. ಮುಂಗಾರಿನ ಮೊದಲ ನೆರೆಗೆ ಮೀನು ಏರಲು ದಾರಿ ಇರಬೇಕು, ಏರಿದ ಮೀನಿಗೆ ಮೊಟ್ಟೆಯಿಡುವಷ್ಟು ಬಿಡುವು ಸಿಗಬೇಕು. ಆ ಒಂದೆರಡು ತಿಂಗಳು ಕೈ ಹಿಂದಕ್ಕೆ ಕಟ್ಟಿ ನಿಲ್ಲಬಲ್ಲ ಊರಿನ ಕೆರೆಯಲ್ಲಿ, ಮುಂದಿನ ಬೇಸಿಗೆಗೆ ಎಷ್ಟು ಕೂಣಿ ಇಳಿದರೂ ಮೀನಿಗೆ ಬರವಿರಲಾರದು.